ಮದ್ದಿನ ಮನೆಯಿಂದ ಕಾವಲುಕೋಣೆಯ ಗಣಪತಿಯವರೆಗೆ: ತಿರುವಾಂಕೂರಿನ ನಾಯರ್ ಪಡೆಯ ಆಯುಧ ನೆಲೆಗಳು

ಬೆಂಗಳೂರು–ಮೈಸೂರು ಜೋಡಿ ರೈಲುಮಾರ್ಗದ ಕೆಲಸ ನಡೆಯುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಸುಮಾರು 1,000 ಟನ್ ತೂಕದ ಆ ಇಟ್ಟಿಗೆ-ಗಾರೆಯ ಕಟ್ಟಡವನ್ನು 2017ರ ಮಾರ್ಚ್‌ನಲ್ಲಿ ಬುಡಸಮೇತ ಎತ್ತಿ, ನೂರು ಮೀಟರಿನಷ್ಟು ಆಚೆ ಕೂರಿಸಿದರು. ಅಲ್ಲಿ ಕಾಪಾಡಬೇಕಾದದ್ದು ಯಾವುದೆಂಬ ಅನುಮಾನವೇ ಇರಲಿಲ್ಲ. ಅದನ್ನು ಬಳಸಿದ ಸೈನ್ಯ 1799ರಲ್ಲೇ ಚದುರಿತ್ತು, ಉಳಿದದ್ದು ಗೋಡೆ. ತಿರುವಾಂಕೂರಿನ ನಾಯರ್ ಪಡೆಯದು ಇದಕ್ಕೆ ತದ್ವಿರುದ್ಧ. ಅದರ ಪರಂಪರೆ ಇಂದಿಗೂ ಭಾರತೀಯ ಸೇನೆಯಲ್ಲಿ ನಡೆದುಬಂದಿದೆ. ಅದರ ಆಯುಧ ನೆಲೆಗಳ ಚರಿತ್ರೆಯನ್ನು ಬರೀ ಗೋಡೆಗಳನ್ನು ನೋಡಿ ಬರೆಯಲಾಗದು ಎಂಬುದು ಈ ಲೇಖನದ ವಾದ.

ಮಾರ್ತಾಂಡ ವರ್ಮನ (1729–1758) ಆಳ್ವಿಕೆಗೆ ಮುಂಚೆ ನಾಯರ್ ಯೋಧನ ತಾಲೀಮು ಊರಿನ ಕಳರಿಯಲ್ಲಿ, ಆಯುಧ ಅವನ ಕೈಯಲ್ಲಿ. ಕರೆ ಬಂದರೆ ಯುದ್ಧ, ಇಲ್ಲದಿದ್ದರೆ ಊರು. ಮೈಸೂರಿನ ಕಂದಾಚಾರದ ಆಳುಗಳನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೇನಲ್ಲ. ಇಂಥ ಪಡೆಗೆ ಆಯುಧಾಗಾರ ಬೇಕಿಲ್ಲ. ಬೇಕಾದದ್ದು ಕೋವಿ, ಫಿರಂಗಿ ಬಂದ ಮೇಲೆ. 1741ರಲ್ಲಿ ಕುಳಚ್ಚಲಿನಲ್ಲಿ ಡಚ್ಚರು ಸೋತಾಗ ಸೆರೆಸಿಕ್ಕ ಅವರ ಅಧಿಕಾರಿ ಡಿ ಲನಾಯ್ ಮುಂದೆ ತಿರುವಾಂಕೂರಿನ ಸೇನೆಯನ್ನೇ ನಡೆಸುವಷ್ಟು ದೊಡ್ಡವನಾದ. ಪದ್ಮನಾಭಪುರದ ಬಳಿಯ ಉದಯಗಿರಿ ಕೋಟೆಯಲ್ಲಿ ಅವನ ಉಸ್ತುವಾರಿಯಲ್ಲಿ ಫಿರಂಗಿಗಳ ಎರಕ ನಡೆಯಿತು. 1777ರಲ್ಲಿ ತೀರಿಕೊಂಡಾಗ ಅಲ್ಲೇ ಮಣ್ಣು ಮಾಡಿದರು. ಕತ್ತಿಯನ್ನು ಮನೆಯ ಗೋಡೆಗೆ ತೂಗುಹಾಕಬಹುದು, ಮದ್ದನ್ನು ಹಾಗಿಡಲಾಗದು. ಮಲೆಯಾಳದ ಮಳೆಗಾಲದಲ್ಲಿ ತೇವ ಹೀರಿದ ಮದ್ದು ಹೊತ್ತುವುದಿಲ್ಲ. ಒಣಗಿದ್ದಕ್ಕೆ ಕಿಡಿ ತಾಗಿದರೆ ಅಕ್ಕಪಕ್ಕದ ಮನೆಗಳೂ ಉಳಿಯುವುದಿಲ್ಲ. ಹಾಗಾಗಿ ದಪ್ಪ ಗೋಡೆ, ಕೆಲವೇ ಕಿಂಡಿ, ಬಾಗಿಲಿಗೆ ಪಹರೆ. ಆಯುಧ ಯೋಧನ ಮನೆಯಿಂದ ಸರ್ಕಾರದ ಬೀಗದೊಳಗೆ ಹೋದದ್ದು ಹೀಗೆ. ಮಾರ್ತಾಂಡ ವರ್ಮ ನಾಯರ್ ಪ್ರಮುಖರನ್ನು ಹತ್ತಿಕ್ಕಿದ್ದನ್ನು ಚರಿತ್ರಕಾರರು ಬಹಳ ಬರೆದಿದ್ದಾರೆ. ಈ ಬೀಗಕ್ಕೂ ಅದರಲ್ಲಿ ಪಾಲು ಕೊಡಬೇಕೆಂದು ನನಗೆ ತೋರುತ್ತದೆ.

ನೆರೆಯ ಕೊಚ್ಚಿಯಲ್ಲಿ ಬೀಗದ ಕೈ ಮೊದಲಿನಿಂದಲೂ ಹೊರಗಿನವರದು. 1663ರಲ್ಲಿ ಪೋರ್ಚುಗೀಸರಿಂದ ಕೋಟೆ ಕಸಿದ ಡಚ್ಚರು ಅದನ್ನು ಕುಗ್ಗಿಸಿ ಹೊಸ ಕೊತ್ತಳಗಳನ್ನು ಕಟ್ಟಿಕೊಂಡರು. ವೈಪೀನ್ ದ್ವೀಪದ ಉತ್ತರ ತುದಿಯ ಪಳ್ಳಿಪ್ಪುರಂ ಕೋಟೆ ಮುರಕಲ್ಲಿನ ಆರು ಮೂಲೆಯ ಗೋಪುರ, ನೋಡಲು ಚಿಕ್ಕದು. ಆದರೆ 1789ರಲ್ಲಿ ಡಚ್ಚರು ಇದನ್ನೂ ಕೊಡುಂಗಲ್ಲೂರನ್ನೂ ತಿರುವಾಂಕೂರಿಗೆ ಮಾರಿದ್ದೇ ಟಿಪ್ಪುವಿಗೆ ನೆಪವಾಯಿತು: ತನ್ನ ಸಾಮಂತನಾದ ಕೊಚ್ಚಿಯ ಅರಸನ ನೆಲವನ್ನು ಮಾರಲು ಇವರು ಯಾರು? ಆ ಡಿಸೆಂಬರಿನಲ್ಲಿ ಅವನು ತಿರುವಾಂಕೂರಿನ ರಕ್ಷಣಾ ಗೋಡೆಯಾದ ನೆಡುಂಕೋಟ್ಟೆಯ ಮೇಲೆ ಬಿದ್ದ. ಮೂರನೆಯ ಮೈಸೂರು ಯುದ್ಧ ಅಲ್ಲಿಂದ ಹೊತ್ತಿಕೊಂಡಿತು. 1795ರಲ್ಲಿ ಕೊಚ್ಚಿ ಹಿಡಿದ ಇಂಗ್ಲಿಷರು 1806ರಲ್ಲಿ ಕೋಟೆಯನ್ನೇ ಉರುಳಿಸಿದರು. 1667ರ ಸ್ಟ್ರೋಂಬರ್ಗ್ ಕೊತ್ತಳದ ನೆಲೆಯ ಮೇಲೆ ಈಗ ನಿಂತಿರುವುದು ಬಾಸ್ಟಿಯನ್ ಬಂಗಲೆ. ಅದರಡಿಯ ಸುರಂಗದ ಕಥೆಯನ್ನು ಊರವರು ಹೇಳುತ್ತಲೇ ಇರುತ್ತಾರೆ. ನಂಬುವುದು ಬಿಡುವುದು ಕೇಳುವವರ ಪಾಲಿಗೆ.

ಕೋಟೆ ಹೋದರೂ ಕಾಳಗ ನಿಲ್ಲಲಿಲ್ಲ. 1808ರ ಡಿಸೆಂಬರಿನಲ್ಲಿ ತಿರುವಾಂಕೂರಿನ ದಳವಾಯಿ ವೇಲು ತಂಪಿಯ ಮತ್ತು ಕೊಚ್ಚಿಯ ಪಾಲಿಯತ್ತಚ್ಚನ ಆಳುಗಳು ಕೊಚ್ಚಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಮೆಕಾಲೆಯ ಮನೆಗೆ ನುಗ್ಗಿದರು. ಅವನು ತಪ್ಪಿಸಿಕೊಂಡು ಹಡಗು ಹತ್ತಿದ. 1809ರಲ್ಲಿ ದಂಗೆ ಮುರಿದ ಮೇಲೆ ಕಂಪನಿ ನಾಯರ್ ದಳಗಳನ್ನು ವಿಸರ್ಜಿಸಿತು; ಅರಮನೆಗೆ ಸಣ್ಣ ತುಕಡಿಯಷ್ಟೇ ಉಳಿಯಿತು. ಮುಂದೆ ಇದೇ ಬೆಳೆದು 1830ರಲ್ಲಿ ನಾಯರ್ ಬ್ರಿಗೇಡ್ ಎಂಬ ಹೆಸರು ಪಡೆಯಿತು. ಆದರೆ ಕೆಲಸ ಮುಖ್ಯವಾಗಿ ಅರಮನೆಯ ಕಾವಲು, ಪದ್ಮನಾಭಸ್ವಾಮಿಯ ಉತ್ಸವದ ಮೆರವಣಿಗೆ. ಯುದ್ಧವಿಲ್ಲದ ಪಡೆಗೆ ಎಂಥ ಆಯುಧಾಗಾರ?

ಈ ಪಡೆಯ ನೆನಪು ಗಟ್ಟಿಯಾಗಿ ನಿಂತಿರುವ ಜಾಗ ತಿರುವನಂತಪುರದ ಪೂರ್ವ ಕೋಟೆಯ ಬಳಿಯ ಪಳವಂಗಾಡಿ ಗಣಪತಿ ಗುಡಿ. ಸ್ಥಳೀಯ ಐತಿಹ್ಯದಂತೆ, ಪದ್ಮನಾಭಪುರದಲ್ಲಿ ನಾಯರ್ ಸೈನಿಕರು ಪೂಜಿಸುತ್ತಿದ್ದ ಮೂರ್ತಿಯಿದು. ರಾಜಧಾನಿ ಬದಲಾದಾಗ ಅವರೇ ಹೊತ್ತು ತಂದರು. ರಾತ್ರಿ ಪಹರೆಯವನನ್ನು ಕಾಡಿದ ಯಕ್ಷಿಯ ಕಥೆಯೂ ಇದಕ್ಕೆ ಅಂಟಿಕೊಂಡಿದೆ. ಮುಖ್ಯ ಹರಕೆ ತೆಂಗಿನಕಾಯಿ ಒಡೆಯುವುದು. ಭಕ್ತರು ಗುಡಿಯ ಮುಂದೆ ಒಂದೊಂದೇ ಕಾಯನ್ನು ರಭಸದಿಂದ ಅಪ್ಪಳಿಸುತ್ತಾರೆ, ಚಿಪ್ಪು ಸಿಡಿಯುತ್ತದೆ, ಕಾಯಿನೀರು ಹರಿಯುತ್ತದೆ. ಗುಡಿಯ ಆಡಳಿತ ದೇವಸ್ವಂ ಮಂಡಳಿಯದಲ್ಲ, ಭಾರತೀಯ ಸೇನೆಯದು.

ಇದು ಕಾಕತಾಳೀಯವಲ್ಲ. 1935ರಲ್ಲಿ ಬ್ರಿಗೇಡು ತಿರುವಾಂಕೂರು ಸಂಸ್ಥಾನದ ಸೇನೆಯೊಳಗೆ ಸೇರಿತು. ಸ್ವಾತಂತ್ರ್ಯಾನಂತರ ಮದ್ರಾಸ್ ರೆಜಿಮೆಂಟಿಗೆ ಬಂತು. ಅದರ 9ನೇ ಬೆಟಾಲಿಯನ್ ತನ್ನ ಹುಟ್ಟನ್ನು 1704ಕ್ಕೆ ಎಣಿಸುತ್ತದೆ. ಗಣಪತಿಯೂ ಪಡೆಯ ಜೊತೆಯಲ್ಲೇ ಕೈ ಬದಲಾಯಿಸಿದ. ತಿರುವನಂತಪುರದ ಪಾಂಗೋಡಿನ ದಂಡುಪ್ರದೇಶದ ಆಟದ ಮೈದಾನಕ್ಕೆ ಕುಳಚ್ಚಲಿನ ಹೆಸರಿದೆ. ನಗರದ ಸೈನಿಕ ಪರಂಪರೆಯನ್ನು ಪಟ್ಟಿ ಮಾಡುವವರು ಸಾಮಾನ್ಯವಾಗಿ ವಾಸ್ತುಶೈಲಿ, ಕಟ್ಟಿದ ವರ್ಷ ಎಂದು ಅಂಕಣ ಹಾಕಿಕೊಂಡು ಹೊರಡುತ್ತಾರೆ. ಆ ಅಂಕಣಗಳಲ್ಲಿ ಪಳವಂಗಾಡಿ ದೇವಾಲಯವಾಗಿ ಮಾತ್ರ ದಾಖಲಾಗುತ್ತದೆ, ಸೈನಿಕ ಸ್ಥಳವಾಗಿ ಅಲ್ಲ. ಬಳಸಿದವರು ಯಾರು, ಈಗ ಯಾರ ವಶದಲ್ಲಿದೆ ಎಂಬ ಇನ್ನೆರಡು ಅಂಕಣ ಸೇರಿಸಿದರೆ ಆ ಗುಡಿ ಪಾಂಗೋಡಿನ ಪಕ್ಕದ ಸಾಲಿಗೇ ಬರುತ್ತದೆ.