‘ಇಲ್ಲ’ ಎನ್ನಬಲ್ಲ ಪರೀಕ್ಷೆ

ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿಕೊಂಡು ಶ್ವಾಸಕೋಶವನ್ನು ಸೇರಬಲ್ಲದೆಂದು ಜರ್ಮನಿಯ ರುಡಾಲ್ಫ್ ವಿರ್ಖೋ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ತೋರಿಸಿಕೊಟ್ಟರು. ಆದರೆ ಬದುಕಿರುವ ರೋಗಿಯಲ್ಲಿ ಆ ಹೆಪ್ಪನ್ನು ಗುರುತಿಸುವ ಬಗೆ ಬಹುಕಾಲ ವೈದ್ಯರಿಗೆ ಒಲಿಯಲಿಲ್ಲ. ಪಾದವನ್ನು ಮೇಲಕ್ಕೆ ಬಾಗಿಸಿದಾಗ ಮೀನಖಂಡ ನೋಯುವುದೇ ಲಕ್ಷಣವೆಂದು 1940ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಹೋಮನ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅದು ನಂಬಲರ್ಹವಲ್ಲವೆಂದು ಅನುಭವ ಕಲಿಸಿತು. ಪಾದದ ರಕ್ತನಾಳಕ್ಕೆ ದ್ರಾವಣ ಚುಚ್ಚಿ ಎಕ್ಸ್‌ರೇ ತೆಗೆಯುವ ವಿಧಾನ ಖಚಿತವಾಗಿತ್ತು, ಆದರೆ ನೋವಿನದಾಗಿತ್ತು.

ಉತ್ತರವಿದ್ದದ್ದು ರಕ್ತದಲ್ಲಿಯೇ. ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡು ಹೆಪ್ಪನ್ನು ಭದ್ರಪಡಿಸುತ್ತವೆ. ಪ್ಲಾಸ್ಮಿನ್ ಎಂಬ ಕಿಣ್ವ ಆ ಹೆಣಿಗೆಯನ್ನು ಕತ್ತರಿಸುತ್ತದೆ. ಆಗ ಉಳಿಯುವ ತುಣುಕೇ ಡಿ-ಡೈಮರ್. ಇದನ್ನು ಏಕಮೂಲ ಪ್ರತಿಕಾಯಗಳ ನೆರವಿನಿಂದ ಅಳೆಯುವ ವಿಧಾನವನ್ನು ಆಸ್ಟ್ರೇಲಿಯಾದ ಬ್ರಿಸ್ಬೇನಿನ ಸಂಶೋಧಕರು 1983ರಲ್ಲಿ ಪ್ರಕಟಿಸಿದರು.

ಆದರೆ ಸೋಂಕು, ಗರ್ಭಧಾರಣೆ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಮುಪ್ಪು, ಇವೆಲ್ಲವೂ ಆ ಪ್ರಮಾಣವನ್ನು ಏರಿಸುತ್ತವೆ. ಹಾಗಾಗಿ ಹೆಚ್ಚಿದ ಅಂಕಿಯೊಂದೇ ‘ಹೌದು’ ಎನ್ನಲಾರದು. ಅದು ಪ್ರಯೋಜನಕ್ಕೆ ಬರುವುದು ‘ಇಲ್ಲ’ ಎನ್ನುವಲ್ಲಿ. ಆ ‘ಇಲ್ಲ’ವನ್ನು ಯಾವಾಗ ನಂಬಬೇಕೆಂಬುದನ್ನು ತಿಳಿಸಿದವರು ಕೆನಡಾದ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು. ಊತ, ನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಮುಂತಾದವುಗಳಿಗೆ ಅಂಕ ಕೊಟ್ಟು ರೋಗದ ಸಂಭವವನ್ನು ಮೊದಲು ತೂಗುವ ಕ್ರಮವನ್ನು ಅವರು 1990ರ ದಶಕದಲ್ಲಿ ರೂಪಿಸಿದರು. ಸಂಭವ ಕಡಿಮೆಯಿದ್ದು ಡಿ-ಡೈಮರ್ ಕೂಡ ಏರಿರದಿದ್ದರೆ ಅಲ್ಟ್ರಾಸೌಂಡ್ ಇಲ್ಲದೆಯೇ ರೋಗಿಯನ್ನು ನಿಶ್ಚಿಂತೆಯಿಂದ ಕಳುಹಿಸಬಹುದೆಂದು 1096 ಮಂದಿಯ ಮೇಲೆ ನಡೆದ ಅವರ ಅಧ್ಯಯನ 2003ರಲ್ಲಿ ತೋರಿಸಿತು. ಸಂಭವ ಹೆಚ್ಚಿದ್ದಲ್ಲಿ ಮಾತ್ರ ರಕ್ತಪರೀಕ್ಷೆಯ ಸಮಾಧಾನ ಸಾಲದು. ಅಲ್ಟ್ರಾಸೌಂಡ್ ಬೇಕೇ ಬೇಕು.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮ ಆಮೇಲೆ ಬಂತು. ಲೀಟರಿಗೆ 500 ಮೈಕ್ರೋಗ್ರಾಂ ಎಂಬ ಗೆರೆಯ ಬದಲು, 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಬಹುದೆಂದು ಶ್ವಾಸಕೋಶದ ಹೆಪ್ಪನ್ನು ಕುರಿತ ಯುರೋಪಿನ ಅಧ್ಯಯನವೊಂದು 2014ರಲ್ಲಿ ಹೇಳಿತು. ಎಪ್ಪತ್ತರ ಹಿರಿಯರಿಗೆ ಗೆರೆ 700.

ಕೊರೋನಾ ಕಾಲದಲ್ಲಿ ಈ ಹೆಸರು ನಮ್ಮ ಮನೆಮನೆಯನ್ನೂ ಹೊಕ್ಕಿತು. ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯನ್ನು ಕಂಡು ನಡುಗಿದವರು ನಮ್ಮಲ್ಲಿ ಕಡಿಮೆಯೇನಲ್ಲ. ಆದರೆ ಈ ಚರಿತ್ರೆ ಕಲಿಸುವುದು ಬೇರೆಯೇ: ರೋಗಿಯನ್ನು ನೋಡದೆ ಓದಿದ ಅಂಕಿಗೆ ಅರ್ಥವಿಲ್ಲ. ಪ್ರಯೋಗಾಲಯ ಉತ್ತರವನ್ನು ಕೊಡಬಲ್ಲದು. ಪ್ರಶ್ನೆಯನ್ನು ಕೇಳಬೇಕಾದವರು ಇಂದಿಗೂ ವೈದ್ಯರೇ.