ಪೆಟ್ಲುಪ್ಪು ಮಾಂಸದೊಳಗೆ ಬಂದ ಬಗೆ



ಕುರಿ ಸಾಕಣೆಯ ತರಬೇತಿಗೆಂದು ಹೋಗಿದ್ದ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಸಾಹೇಬ್ರೆ, ಮಟನ್ ಉಪ್ಪಿನಕಾಯಿ ಮಾಡಿ ಮಾರಬೇಕು ಅಂತಿದೀವಿ. ಕೆಂಪಗಿರಬೇಕು, ಕೆಡಬಾರದು. ಅಂಗಡಿಯವನು ಒಂದಿಷ್ಟು ಪೆಟ್ಲುಪ್ಪು ಹಾಕಿ ಅಂದ. ಎಷ್ಟು ಚಮಚ ಹಾಕೋಣ?”

ಒಂದು ಚಮಚವೂ ಬೇಡ ಅಂತ ಹೇಳಿ ಹೊರಟುಬಿಡಬಹುದಿತ್ತು. ಆದರೆ ಕಾರಣ ತಿಳಿಯದ ಬುದ್ಧಿಮಾತು ಮೂರು ದಿನ ನಿಲ್ಲುವುದಿಲ್ಲ. ಇದು ನಮ್ಮ ಇಲಾಖೆಯ ಕೆಲಸದಲ್ಲಿ ನಾನು ಕಲಿತ ಪಾಠ. ಕಾರಣ ಹೇಳಬೇಕಾದರೆ ಇನ್ನೂರು ವರ್ಷದ ಹಿಂದಕ್ಕೆ ಹೋಗಬೇಕು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮಾಂಸವನ್ನು ಕೆಡದಂತೆ ಇಡುವ ವಿದ್ಯೆ ನಮಗೆ ಹೊಸದಲ್ಲ. ಜಾತ್ರೆಯಲ್ಲಿ ಉಳಿದದ್ದನ್ನು ತೆಳ್ಳಗೆ ಸೀಳಿ, ಉಪ್ಪು ಅರಿಶಿನ ಸವರಿ, ಹಗ್ಗಕ್ಕೆ ಹಾಕಿ ಒಣಗಿಸಿ ಒಣಖಂಡ ಮಾಡುವುದುಂಟು. ನೀರಿನಂಶ ಹೋದರೆ ಸೂಕ್ಷ್ಮಜೀವಿಗೆ ಬಾಳುವೆ ಇಲ್ಲ. ಯುರೋಪಿನ ಚಳಿಯ ಸೀಮೆಗಳಲ್ಲಿ ಅಂಥ ಬಿಸಿಲೆಲ್ಲಿ ಬರಬೇಕು? ಅಲ್ಲಿಯವರು ಹಂದಿ ಕೊಯ್ದು ಮಾಂಸಕ್ಕೆ ಉಪ್ಪು ತಿಕ್ಕಿ ಹೊಗೆಯಲ್ಲಿಟ್ಟರು. ಉಪ್ಪಿನ ಜೊತೆಗೆ ಪೆಟ್ಲುಪ್ಪೂ ಸೇರಿತು. ಅದನ್ನು ಹಾಕಿದ ಮಾಂಸ ಬೆಂದ ಮೇಲೂ ಕೆಂಪಗೇ ಇರುತ್ತಿತ್ತು. ಕೋವಿಮದ್ದಿಗೆ ಬೇಕಾದ ಉಪ್ಪೂ ಇದೇ. 17 ಮತ್ತು 18ನೆಯ ಶತಮಾನಗಳಲ್ಲಿ ಡಚ್ಚರೂ ಇಂಗ್ಲಿಷರೂ ನಮ್ಮ ಬಿಹಾರದ ಮಣ್ಣಿನಿಂದ ತೆಗೆದ ಪೆಟ್ಲುಪ್ಪನ್ನು ಹಡಗುಗಟ್ಟಲೆ ಒಯ್ದರು. ಮುಖ್ಯವಾಗಿ ಅದು ಮದ್ದಿಗೆ ಹೋಯಿತೆನ್ನಿ.

ಹಂದಿಯ ಕರುಳಿನೊಳಗೋ ಹೊಟ್ಟೆಚೀಲದೊಳಗೋ ರಕ್ತ, ಮಾಂಸ ತುಂಬಿ ಬಿಗಿದು ಕಟ್ಟಿದ್ದೇ ಸಾಸೇಜು. 1793ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ವಿಲ್ಡ್‌ಬಾಡ್ ಎಂಬಲ್ಲಿ ಇಂಥದ್ದನ್ನು ತಿಂದು 13 ಮಂದಿ ಕಾಯಿಲೆ ಬಿದ್ದರು. 6 ಮಂದಿ ಸತ್ತರು. 1802ರಲ್ಲಿ ಅಲ್ಲಿಯ ಸರಕಾರವೇ ಹೊಗೆಗಿಟ್ಟ ರಕ್ತದ ಸಾಸೇಜಿನ ಬಗ್ಗೆ ಜನರಿಗೆ ಎಚ್ಚರಿಕೆ ಹೊರಡಿಸಿತು. ಆದರೂ ಸಾವು ನಿಲ್ಲಲಿಲ್ಲ.

ಆಗ ಇದರ ಬೆನ್ನು ಹತ್ತಿದವನು ಯೂಸ್ಟಿನುಸ್ ಕೆರ್ನರ್. ಈತ ಕವಿ; ಹೊಟ್ಟೆಪಾಡಿಗೆ ತಾಲ್ಲೂಕಿನಂಥ ಒಂದು ಪ್ರದೇಶದ ಸರಕಾರಿ ವೈದ್ಯ. ರೋಗಿಗಳ ವಿವರ ಕೂಡಿಸಿ 1820ರಲ್ಲಿ 76, 1822ರಲ್ಲಿ 155 ಪ್ರಕರಣಗಳನ್ನು ಬರೆದಿಟ್ಟ. ಬಾಯಿ ಒಣಗುವುದು, ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ನುಂಗಲಾಗದಿರುವುದು, ಕೊನೆಗೆ ಉಸಿರು ನಿಲ್ಲುವುದು. ಬುದ್ಧಿ ಮಾತ್ರ ಕೊನೆಯವರೆಗೂ ಸ್ವಚ್ಛ. ವಿಷದ ಗುಣ ತಿಳಿಯಲು ಆತ ಕೆಟ್ಟ ಸಾಸೇಜಿನ ಸಾರವನ್ನು ತಾನೇ ರುಚಿ ನೋಡಿದ! ಅಷ್ಟು ದೂರ ಹೋಗುವುದು ಸರಿಯೆಂದು ನಾನು ಹೇಳಲಾರೆ. ಗಾಳಿಯಾಡದ ಜಾಗದಲ್ಲೇ ಈ ವಿಷ ಹುಟ್ಟುತ್ತದೆಂದು ಆತ ಕಂಡುಕೊಂಡ. ಈ ಮಾತನ್ನು ನೆನಪಿನಲ್ಲಿಡಿ. ಎಣ್ಣೆ ತುಂಬಿದ ಜಾಡಿಗೂ ಇದು ಸಲ್ಲುತ್ತದೆ.

ವಿಷದ ಹಿಂದಿನ ಜೀವಿ ಸಿಕ್ಕಿದ್ದು ಬೆಲ್ಜಿಯಮ್ಮಿನಲ್ಲಿ. 1895ರಲ್ಲಿ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಸಾವಿನ ಮನೆಗೆ ವಾದ್ಯ ನುಡಿಸಲು ಬಂದವರು ಬೇಯಿಸದ, ಉಪ್ಪು ಹಾಕಿಟ್ಟ ಹಂದಿತೊಡೆ ತಿಂದರು, ಮೂವರು ಸತ್ತರು. ವಾನ್ ಎರ್ಮೆಂಗೆಮ್ ಎಂಬ ಪ್ರೊಫೆಸರು ಆ ಮಾಂಸದಲ್ಲೇ ಸೂಕ್ಷ್ಮಜೀವಿಯನ್ನು ಪತ್ತೆಮಾಡಿದ. ಲ್ಯಾಟಿನ್ನಿನಲ್ಲಿ ಸಾಸೇಜಿಗೆ ಬಾಟುಲುಸ್ ಅನ್ನುತ್ತಾರೆ. ಅದರಿಂದಲೇ ರೋಗಕ್ಕೆ ಬಾಟುಲಿಸಂ ಎಂಬ ಹೆಸರು. ಚೆನ್ನಾಗಿ ಕುದಿಸಿದರೆ ವಿಷ ಅಳಿಯುತ್ತದೆ. ಆದರೆ ಜೀವಿಯ ಬೀಜಕಣಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ತಣ್ಣಗಾದ ಮೇಲೆ ಮತ್ತೆ ಮೊಳೆಯುತ್ತವೆ.

ಹಾಗಾದರೆ ಪೆಟ್ಲುಪ್ಪಿನ ಪಾತ್ರ ಏನು? 1891ರಲ್ಲಿ ಪೊಲೆನ್‌ಸ್ಕೆ ಎಂಬ ಜರ್ಮನ್ ರಸಾಯನಜ್ಞ ಒಂದು ಸಂಗತಿ ಗಮನಿಸಿದ: ಉಪ್ಪುನೀರಿನಲ್ಲಿ ಪೆಟ್ಲುಪ್ಪು ನೈಟ್ರೈಟ್ ಆಗಿ ಮಾರ್ಪಡುತ್ತದೆ. ಬಣ್ಣ ಕೊಡುವುದೂ ಬಾಟುಲಿಸಂ ಜೀವಿಯನ್ನು ತಡೆಯುವುದೂ ಈ ನೈಟ್ರೈಟೇ. 1925ರಲ್ಲಿ ಅಮೆರಿಕ ಅದನ್ನು ನೇರವಾಗಿ ಬಳಸಲು ಅಪ್ಪಣೆ ಕೊಟ್ಟಿತು. ಅಲ್ಲಿಯ ನಿಯಮದಂತೆ ಅರೆದ ಮಾಂಸಕ್ಕೆ ಹಾಕುವ ಪ್ರಮಾಣ ಕಿಲೋಗೆ ಸುಮಾರು 0.156 ಗ್ರಾಮ್ ಮೀರಕೂಡದು. ಚಿಟಿಕೆಯೂ ಅಲ್ಲ! ಹೆಚ್ಚಾದರೆ ರಕ್ತಕ್ಕೆ ಪ್ರಾಣವಾಯು ಹೊರುವ ಶಕ್ತಿಯೇ ಹೋಗುತ್ತದೆ. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ ಅನ್ನುವುದು ಈಗ ತಿಳಿಯಿತಲ್ಲ?

ಕಾವಲಿಗೆ ಇಟ್ಟವನ ಮೇಲೂ ಆಮೇಲೆ ಅನುಮಾನ ಬಂತು. 1956ರಲ್ಲಿ ಮ್ಯಾಗಿ, ಬಾರ್ನ್ಸ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ನೈಟ್ರೋಸಮೀನ್ ಜಾತಿಯ ಒಂದು ವಸ್ತುವನ್ನು ಇಲಿಗಳಿಗೆ ತಿನ್ನಿಸಿದಾಗ ಯಕೃತ್ತಿನಲ್ಲಿ ಗೆಡ್ಡೆ ಬೆಳೆದವು. 1960ರ ದಶಕದ ಮೊದಲಲ್ಲಿ ನಾರ್ವೆಯಲ್ಲಿ ನೈಟ್ರೈಟ್ ಹಾಕಿಟ್ಟ ಮೀನಿನ ಹಿಂಡಿ ತಿಂದ ಕುರಿಗಳಿಗೆ ಯಕೃತ್ತು ಕೆಟ್ಟಿತು. ಕುರಿ ಸಾಕುವ ನಮಗೆ ಇದು ದೂರದ ಸುದ್ದಿಯಲ್ಲ. ನೈಟ್ರೈಟ್ ಇರುವ ಹಂದಿಮಾಂಸವನ್ನು ಗರಿಗರಿಯಾಗಿ ಹುರಿದರೂ ಇಂಥ ವಸ್ತುಗಳು ಹುಟ್ಟುತ್ತವೆಂದು ಮುಂದೆ ಗೊತ್ತಾಯಿತು. ಅದಕ್ಕೇ 1978ರಲ್ಲಿ ಅಮೆರಿಕ ಬೇಕನ್ನಿಗೆ ನೈಟ್ರೈಟ್ ಇಳಿಸಿ, ಸಿ ಜೀವಸತ್ವದ ಬಳಗದ ವಸ್ತುವನ್ನು ಜೊತೆಗೆ ಸೇರಿಸಬೇಕೆಂದು ವಿಧಿಸಿತು. (ತಟ್ಟೆಯ ಮೇಲೆ ನಿಂಬೆ ಹಿಂಡಿದರೆ ದೋಷವೆಲ್ಲ ಕಳೆಯಿತೆಂದು ಮಾತ್ರ ತಿಳಿಯಬೇಡಿ.)

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು, ಸಂಸ್ಕರಿಸಿದ ಮಾಂಸ ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ತೀರ್ಮಾನಿಸಿತು. ದಿನಕ್ಕೆ 50 ಗ್ರಾಮ್ ತಿಂದರೆ ಅಪಾಯ ಸುಮಾರು ಶೇಕಡಾ 18 ಏರುತ್ತದೆ. ಇದು ತಂಬಾಕಿನಷ್ಟೇ ಅಪಾಯ ಎಂದರ್ಥವಲ್ಲ. ಪುರಾವೆ ಅಷ್ಟು ಗಟ್ಟಿ ಎಂದಷ್ಟೇ ಅರ್ಥ. ಉಪ್ಪು ಹಾಕಿ ಇಟ್ಟ ಮಾಂಸವೂ ಈ ಲೆಕ್ಕಕ್ಕೆ ಸೇರುವುದರಿಂದ ನಮ್ಮ ಒಣಖಂಡಕ್ಕೂ ಪೂರ್ತಿ ಬಿಡುಗಡೆ ಇಲ್ಲ.

ಇನ್ನು ಕೊಳ್ಳುವ ಮಾತು. ಪೊಟ್ಟಣದ ಹಿಂಬದಿ ನೋಡಿ: 249, 250 ಅಂದರೆ ನೈಟ್ರೈಟ್, 251, 252 ಅಂದರೆ ನೈಟ್ರೇಟ್. ಉಪ್ಪು ಕಡಿಮೆ ಇರುವುದನ್ನು ಆರಿಸಿ, ಯಾವಾಗಲೋ ಒಮ್ಮೆ ತನ್ನಿ. ಕರಿಯಬೇಡಿ, ಸುಡಬೇಡಿ, ನೀರಿನಲ್ಲಿ ಬೇಯಿಸಿ. ಮಕ್ಕಳ ಡಬ್ಬಿಗೆ ದಿನವೂ ಸಾಸೇಜು ಕಟ್ಟುವುದಕ್ಕಿಂತ ಒಂದು ಮೊಟ್ಟೆ ಮೇಲು.

ಆ ತಾಯಿಯ ಉಪ್ಪಿನಕಾಯಿಗೆ ಬರೋಣ. ಮಾಂಸಕ್ಕೆ ಹುಳಿ ಕಮ್ಮಿ, ಮೇಲೆ ಎಣ್ಣೆ ನಿಂತರೆ ಒಳಗೆ ಗಾಳಿ ಇಲ್ಲ. ಕೆರ್ನರ್ ಕಂಡ ಸಾಸೇಜಿನ ಹೊಟ್ಟೆಯೇ ಅದು! ಅಲ್ಲಿ ಕಾವಲಿಗೆ ಬೇಕಾದದ್ದು ಹುಳಿ. ಗೋವೆಯ ಕ್ರೈಸ್ತರ ಮನೆಗಳಲ್ಲಿ ಹಂದಿಯ ಸಾಸೇಜಿಗೆ ವಿನಿಗರ್ ಧಾರಾಳವಾಗಿ ಬೀಳುತ್ತದೆ. ನೀವೂ ಮಾಂಸದ ನೀರು ಇಂಗುವವರೆಗೆ ಹುರಿದು, ನಿಂಬೆರಸವನ್ನೋ ವಿನಿಗರನ್ನೋ ಒಳಗೆಲ್ಲ ಹಿಡಿಯುವಂತೆ ಬೆರೆಸಿ. ಮನೆಮಟ್ಟಿಗಾದರೆ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಮಾರುವುದಾದರೆ ಅಂದಾಜು ಸಾಲದು. ಹುಳಿಯ ಅಳತೆ, ಅಂದರೆ ಪಿಎಚ್, 4.6ಕ್ಕಿಂತ ಕೆಳಗಿದೆಯೆಂದು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಲೇಬೇಕು, ಲೈಸೆನ್ಸೂ ಬೇಕು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇಂಥ ವಿದ್ಯೆಗೇ ಇರತಕ್ಕದ್ದು.

ಎಲ್ಲ ಕೇಳಿದ ಮೇಲೆ ಆ ತಾಯಿ ಅಂದರು: “ಅದೆಲ್ಲ ಸರಿ ಸಾಹೇಬ್ರೆ, ಬಣ್ಣ?” ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಅಜ್ಜಿ ಹೇಳಿದಳು: “ಬ್ಯಾಡಗಿ ಮೆಣಸಿನಕಾಯಿ ಎದಕ್ಕೈತೆ?”