ಹೆಂಡದಂಗಡಿಯ ಹಲಗೆಯ ಮೇಲೊಬ್ಬ ಮಾರ್ಕ್ವಿಸ್

ನಾನು ಕುಡಿಯುವವನಲ್ಲ. ಹೀಗಿರುವಾಗ ಇಂಗ್ಲೆಂಡಿನ ಹೆಂಡದಂಗಡಿಗಳ ಕುರಿತು ಬರೆಯಲು ಹೊರಟದ್ದೇಕೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕೂರುವ ಚೇಚಿ. ಅವರ ಮಗಳು ಲಂಡನ್ನಿನಲ್ಲಿ ನರ್ಸ್. ಆಕೆ ತಾಯಿಗೆ ಕಳುಹಿಸಿದ ಫೋಟೋಗಳಲ್ಲಿ ಒಂದು, ಬ್ಲೂಮ್ಸ್‌ಬರಿ ಎಂಬಲ್ಲಿನ ಒಂದು ಪಬ್ಬಿನ ಎದುರು ತೆಗೆದದ್ದು. ಚೇಚಿ ಮೊಬೈಲನ್ನು ನನ್ನತ್ತ ತಿರುಗಿಸಿ, "ನೀವು ಹಿಸ್ಟರಿ ಬಿ.ಎ. ಅಲ್ಲವೇ ಸಾರ್? ಈ ಮಾರ್ಕ್ವಿಸ್ ಕಾರ್ನ್‌ವಾಲಿಸ್ ಯಾರು?" ಎಂದು ಕೇಳಿದರು. "ನಮ್ಮ ಕಡೆಯವನೇ ಎಂದು ಇಟ್ಟುಕೊಳ್ಳಿ" ಎಂದೆ. ತಮಾಷೆಗೆ ಆಡಿದ ಮಾತು. ಮನೆಗೆ ಬಂದು ಯೋಚಿಸಿದಾಗ ಅದು ಬರೀ ತಮಾಷೆಯಾಗಿ ಉಳಿಯಲಿಲ್ಲ.

ನಮ್ಮ ಶೇಂದಿ ಅಂಗಡಿಗಳ ಬೋರ್ಡನ್ನು ಎಲ್ಲರೂ ನೋಡಿದ್ದೇವೆ. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ 'ಕಳ್ಳ್' ಎಂದಿರುತ್ತದೆ, ಜೊತೆಗೆ ಲೈಸೆನ್ಸಿನ ನಂಬ್ರ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಹೆಂಡದಂಗಡಿಗೆ ರಾಜರ, ಡ್ಯೂಕರ, ಅರ್ಲರ ಹೆಸರು. ಇದು ಶುರುವಾದದ್ದು ಆಡಂಬರಕ್ಕಲ್ಲ, ಸರಕಾರದ ಅಗತ್ಯಕ್ಕೆ. 1393ರಲ್ಲಿ, ಎರಡನೇ ರಿಚರ್ಡನ ಕಾಲದಲ್ಲಿ, ಏಲ್ ಮಾರುವವರು ಅಂಗಡಿಯ ಮುಂದೆ ಗುರುತಿನ ಹಲಗೆ ತೂಗಹಾಕಲೇಬೇಕೆಂಬ ಕಟ್ಟಳೆ ಬಂತು. ಪಾನೀಯದ ಗುಣಮಟ್ಟ ನೋಡುವ ಅಧಿಕಾರಿಗೆ ಅಂಗಡಿ ಗೊತ್ತಾಗಬೇಕಲ್ಲ! ಓದು ಬಲ್ಲವರು ಕಡಮೆಯಿದ್ದ ಕಾಲವಾದುದರಿಂದ ಹಲಗೆಯ ಮೇಲೆ ಅಕ್ಷರಕ್ಕಿಂತ ಚಿತ್ರವೇ ಮುಖ್ಯ. ಬಿಳಿಯ ಗಂಡು ಜಿಂಕೆ ರಿಚರ್ಡನ ಸ್ವಂತ ಲಾಂಛನ. ಇಂದಿಗೂ 'ವೈಟ್ ಹಾರ್ಟ್' ಎಂಬ ಪಬ್ಬುಗಳು ಆ ದೇಶದಲ್ಲಿ ಬೇಕಾದಷ್ಟಿವೆ.

ದೊರೆಯ ಗುರುತು ಬಂದ ಮೇಲೆ ಧಣಿಗಳ ಗುರುತು ಬಾರದಿರುತ್ತದೆಯೇ? ಕರಡಿ ಮತ್ತು ಒರಟು ದೊಣ್ಣೆಯ ಚಿತ್ರವಿದ್ದರೆ ಅದು ವಾರಿಕ್ಕಿನ ಅರ್ಲರದು. ಹದ್ದು ಮತ್ತು ಮಗುವಿನ ಚಿತ್ರವಿದ್ದರೆ ಡರ್ಬಿಯ ಅರ್ಲರಾದ ಸ್ಟ್ಯಾನ್ಲಿ ಮನೆತನದ್ದು. ಹೆಸರಿನ ಕೊನೆಗೆ 'ಆರ್ಮ್ಸ್' ಎಂದು ಇದ್ದರೆ ಅದು ಆಯುಧವಲ್ಲ, ಕುಲಲಾಂಛನ. ಯಾರ್ಕ್‌ಷೈರಿನ ಬೋಲ್ಟನ್ ಅಬ್ಬಿಯ 'ಡೆವನ್‌ಷೈರ್ ಆರ್ಮ್ಸ್' ಇರುವುದು ಡೆವನ್‌ಷೈರಿನ ಡ್ಯೂಕರ ಜಮೀನಿನಲ್ಲಿ. ಅಂದರೆ ಆ ಹಲಗೆ ಒಂದು ಬಗೆಯ ಜಮಾಬಂದಿ ಲೆಕ್ಕ. ಗುತ್ತಿನ ಮನೆ ಯಾವುದು, ಒಕ್ಕಲು ಯಾರದು ಎಂದು ಅದನ್ನು ನೋಡಿಯೇ ಹೇಳಬಹುದಿತ್ತು.

ಆದರೆ ಒಬ್ಬನ ಹೆಸರು ಮಾತ್ರ ಜಮೀನಿನಿಂದ ಬಂದದ್ದಲ್ಲ. ರಟ್‌ಲೆಂಡಿನ ಮೂರನೇ ಡ್ಯೂಕನ ಹಿರಿಯ ಮಗ ಜಾನ್ ಮ್ಯಾನರ್ಸ್ ಹುಟ್ಟಿದ್ದು 1721ರಲ್ಲಿ. ತಂದೆ ಬದುಕಿರುವಾಗ ಹಿರಿಯ ಮಗನಿಗೆ ಸಲ್ಲುವ ಬಿರುದು ಮಾರ್ಕ್ವಿಸ್ ಆಫ್ ಗ್ರಾನ್‌ಬಿ. 1760ರಲ್ಲಿ ಜರ್ಮನಿಯ ವಾರ್‌ಬುರ್ಗಿನಲ್ಲಿ ಕುದುರೆ ಸೈನ್ಯವನ್ನು ಮುನ್ನಡೆಸುವಾಗ ಟೋಪಿ, ಕೃತಕ ಕೂದಲು ಎರಡೂ ಹಾರಿಹೋಗಿ, ಬೋಳುತಲೆಯಲ್ಲೇ ಶತ್ರುವಿನ ಮೇಲೆ ನುಗ್ಗಿದ. ಗಾಯಗೊಂಡು ನಿವೃತ್ತರಾದ ತನ್ನ ಸೈನಿಕರಿಗೆ ಹೆಂಡದಂಗಡಿ ಇಟ್ಟುಕೊಳ್ಳಲು ಕೈಯಿಂದ ಹಣ ಕೊಟ್ಟನೆಂದೂ, ಅವರು ಅವನ ಹೆಸರನ್ನೇ ಹಲಗೆಗೆ ಬರೆಸಿದರೆಂದೂ ಪ್ರತೀತಿ. 1770ರಲ್ಲಿ ತೀರಿಕೊಂಡಾಗ ಅವನ ಮೇಲೆ ಹತ್ತಾರು ಸಾವಿರ ಪೌಂಡ್ ಸಾಲವಿತ್ತು. ತಂದೆ ಇನ್ನೂ ಬದುಕಿದ್ದುದರಿಂದ ಅವನು ಡ್ಯೂಕನಾಗಲೇ ಇಲ್ಲ. ಡಿಕನ್ಸನ ಪಿಕ್‌ವಿಕ್ ಪೇಪರ್ಸ್ ಓದಿದವರಿಗೆ ಡಾರ್ಕಿಂಗ್ ಊರಿನ 'ಮಾರ್ಕ್ವಿಸ್ ಆಫ್ ಗ್ರಾನ್‌ಬಿ' ನೆನಪಿರಬಹುದು. ಸಾಲದ ಖಾತೆಗಳನ್ನೇ ದಿನವಿಡೀ ನೋಡುವ ನನಗೆ, ವಸೂಲಾಗದ ಸಾಲಕ್ಕೆ ಇಷ್ಟು ಒಳ್ಳೆಯ ಬಡ್ಡಿ ಸಂದದ್ದು ಬೇರೆಲ್ಲೂ ಕಂಡಿಲ್ಲ.

ಮೂರನೆಯ ಬಗೆಯ ಹಲಗೆಗಳು ಯುದ್ಧ ಗೆದ್ದವರವು. ನೆಲ್ಸನ್ ಮತ್ತು ವೆಲಿಂಗ್ಟನ್ ಎಲ್ಲ ಕಡೆಯೂ ಇದ್ದಾರೆ. ಈ ವೆಲಿಂಗ್ಟನ್ ಡ್ಯೂಕನಾದದ್ದು 1814ರಲ್ಲಿ. ಅದಕ್ಕೆ ಮೊದಲು ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಆಗಿ ಶ್ರೀರಂಗಪಟ್ಟಣದಲ್ಲಿದ್ದವನು, ಧೋಂಡಿಯ ವಾಘನನ್ನು ಬೆನ್ನಟ್ಟಿದವನು, ಪಳಶ್ಶಿ ರಾಜನ ವಿರುದ್ಧ ದಂಡಯಾತ್ರೆ ನಡೆಸಿದವನು. ಮುಂದೆ ಅವನು ಪ್ರಧಾನಿಯಾಗಿದ್ದಾಗಲೇ 1830ರ ಬಿಯರ್ ಕಾಯ್ದೆ ಬಂತು. ತೆರಿಗೆ ಕಟ್ಟುವ ಯಾರೇ ಆದರೂ 2 ಗಿನಿ ಕೊಟ್ಟು ಲೈಸೆನ್ಸ್ ಪಡೆದು ಬಿಯರ್ ಮಾರಬಹುದಾಯಿತು. ಸಾವಿರಾರು ಅಂಗಡಿಗಳು ತೆರೆದುಕೊಂಡವು.

ಇನ್ನು ಚೇಚಿಯ ಮಗಳ ಫೋಟೋದ ಮಾರ್ಕ್ವಿಸ್‌ಗೆ ಬರೋಣ. ಕಾರ್ನ್‌ವಾಲಿಸ್ ಅರ್ಲ್ ಮನೆತನದವನು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು ಶರಣಾದವನು. ಸೋತವನ ಹೆಸರನ್ನು ಯಾರು ಹಲಗೆಗೆ ಏರಿಸುತ್ತಾರೆ? ಹೋದ ಮರ್ಯಾದೆ ಅವನಿಗೆ ಮರಳಿ ಸಿಕ್ಕಿದ್ದು ನಮ್ಮ ನಾಡಿನಲ್ಲಿ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದ. 1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ತೆರಬೇಕು, ಅರ್ಧ ಕೂಡಲೇ, ಉಳಿದದ್ದು ಕಂತುಗಳಲ್ಲಿ. ಕಂತಿಗೆ ಅಡವು? ಹತ್ತು, ಎಂಟರ ಆಸುಪಾಸಿನ ಪ್ರಾಯದ ಇಬ್ಬರು ಗಂಡುಮಕ್ಕಳು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಮದರಾಸಿಗೆ ಹೋದರು, ಮರಳಿದ್ದು 1794ರಲ್ಲಿ. ಕಾರ್ನ್‌ವಾಲಿಸ್ ಆ ಮಕ್ಕಳನ್ನು ಬರಮಾಡಿಕೊಳ್ಳುವ ದೃಶ್ಯವನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಿಡಿಸಿದ್ದಾನೆ. ಅದೇ 1792ರಲ್ಲಿ ಅರ್ಲ್ ಕಾರ್ನ್‌ವಾಲಿಸ್ ಮಾರ್ಕ್ವಿಸ್ ಆದ.

ಆ ಒಪ್ಪಂದದಲ್ಲಿ ಕಂಪೆನಿಗೆ ಸಿಕ್ಕ ಸೀಮೆಗಳಲ್ಲಿ ಮಲಬಾರೂ ಒಂದು. ಬೇಕಲದ ಕೋಟೆ ಸಹಿತ ನಮ್ಮ ಕನ್ನಡ ಜಿಲ್ಲೆ ಟಿಪ್ಪುವಿನ ಕೈಯಲ್ಲೇ ಉಳಿದು, ಏಳು ವರ್ಷ ಕಳೆದು 1799ರಲ್ಲಿ ಕಂಪೆನಿಗೆ ಹೋಯಿತು. ಆಮೇಲೆ ಎರಡೂ ಮದರಾಸಿನ ಕೆಳಗೆ ಬಂದರೂ ಜಿಲ್ಲೆಗಳು ಬೇರೆಬೇರೆಯಾಗಿಯೇ ಉಳಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ತನಕ ನಮ್ಮ ಅಜ್ಜಂದಿರು ದಕ್ಷಿಣ ಕನ್ನಡದವರು, ಚೇಚಿಯ ಅಜ್ಜಂದಿರು ಮಲಬಾರಿನವರು. ಕಾರ್ನ್‌ವಾಲಿಸನನ್ನು ಮಾರ್ಕ್ವಿಸ್ ಮಾಡಿದ ಕಾಗದವೇ ಅವರ ನಾಡನ್ನು ನಮ್ಮದಕ್ಕಿಂತ ಏಳು ವರ್ಷ ಮೊದಲು ಕಂಪೆನಿಯ ಲೆಕ್ಕಕ್ಕೆ ಏರಿಸಿತು. "ನಮ್ಮ ಕಡೆಯವನೇ" ಎಂದು ನಾನು ಹೇಳಿದ್ದು ಇಷ್ಟರ ಮಟ್ಟಿಗೆ ನಿಜ.

ಕಾರ್ನ್‌ವಾಲಿಸ್ 1805ರಲ್ಲಿ ಗಾಜೀಪುರದಲ್ಲಿ ತೀರಿಕೊಂಡ. ಮಗನಿಗೆ ಗಂಡು ಸಂತಾನವಿಲ್ಲದೆ 1823ರಲ್ಲಿ ಮಾರ್ಕ್ವಿಸ್ ಪದವಿಯೇ ಅಳಿಯಿತು. ಬಿರುದು ಬಾಳಿದ್ದು 31 ವರ್ಷ. ಹಲಗೆ ಇನ್ನೂ ತೂಗುತ್ತಿದೆ. ಅದರ ಕೆಳಗೆ ಕುಳಿತು ಬಿಯರ್ ಕುಡಿಯುವ ಎಷ್ಟು ಮಂದಿಗೆ ಶ್ರೀರಂಗಪಟ್ಟಣ ಗೊತ್ತು, ಆ ಇಬ್ಬರು ಮಕ್ಕಳು ಗೊತ್ತು? ಹಲಗೆ ಹೆಸರನ್ನು ಉಳಿಸುತ್ತದೆ. ಆ ಹೆಸರಿಗೆ ಬೆಲೆ ತೆತ್ತವರು ಯಾರೆಂದು ಹೇಳುವುದಿಲ್ಲ. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ನಮಗೂ ಹಲಗೆಗಳ ಕಷ್ಟ ಗೊತ್ತು. ಕುಂಬಳೆ ಒಂದು ಬೋರ್ಡಿನಲ್ಲಿ ಕುಂಬಳೆ, ಇನ್ನೊಂದರಲ್ಲಿ ಕುಂಬಳ. ನಮ್ಮ ಬ್ಯಾಂಕು ಕೂಡ ಇನ್ನೊಂದರಲ್ಲಿ ವಿಲೀನವಾಗಿ ಬೋರ್ಡು ಬದಲಾಯಿತು. ಹಳೆಯ ಗಿರಾಕಿಗಳು ಈಗಲೂ ಹಳೆಯ ಹೆಸರನ್ನೇ ಹೇಳಿಕೊಂಡು ಬರುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಬೋರ್ಡು ಬರೆಸುವುದು ನಮ್ಮ ಕೈಯಲ್ಲಿಲ್ಲ. ಹೆಸರಿನ ಹಿಂದಿನ ಕತೆಯನ್ನು ಮಕ್ಕಳಿಗೆ ಹೇಳುವುದು ನಮ್ಮ ಕೈಯಲ್ಲೇ ಇದೆ.

ಮರುದಿನ ಊಟದ ಹೊತ್ತಿನಲ್ಲಿ ಚೇಚಿಗೆ ಇಷ್ಟನ್ನೂ ಹೇಳಿದೆ. ಅವರು ಅದನ್ನೆಲ್ಲ ಮಲಯಾಳದಲ್ಲಿ ಮಗಳಿಗೆ ಬರೆದು ಕಳುಹಿಸಿದರಂತೆ. ಲಂಡನ್ನಿನಲ್ಲಿ ಆ ಹಲಗೆಯನ್ನು ಓದಬಲ್ಲವರು ಈಗ ಒಬ್ಬರಾದರೂ ಹೆಚ್ಚಾದರು.